ತೇಲಿಕ ಎಂಬ ಒಂದು ಮಾತು

ನಮ್ಮ ಕಡೆ ಇನ್ನೂ ಮದ್ರಾಸ್ ಸರ್ಕಾರವಿದ್ದ ಕಾಲ. ಪೆನುಕೊಂಡದ ಮುನ್ಸೀಫ್ ಕೋರ್ಟಿನಲ್ಲಿ ನಾನು ತರ್ಜುಮೆಯ ಗುಮಾಸ್ತ. ಮುನ್ಸೀಫರು ಕರಾವಳಿ ಕಡೆಯ ತೆಲುಗರು, ಕನ್ನಡ ಬಾರದು. ಕನ್ನಡದವರು ಹೇಳಿದ್ದನ್ನು ಅವರಿಗೆ ತೆಲುಗಿನಲ್ಲಿ ಒಪ್ಪಿಸುವುದು ನನ್ನ ಕೆಲಸ. ಎರಡು ಭಾಷೆಯನ್ನೂ ಆಡುವ ಹಿಂದೂಪುರದಲ್ಲಿ ಹುಟ್ಟಿದವನಿಗೆ ಇದಕ್ಕೂ ಸಂಬಳ ಕೊಡುತ್ತಾರಲ್ಲ ಎಂದು ಮನೆಯಲ್ಲಿ ನಗುತ್ತಿದ್ದರು.

ಕಲ್ಯಾಣದುರ್ಗದ ಒಬ್ಬ ಗಡಿಯಾರ ರಿಪೇರಿಯವರು ಭೂಮಿಯ ಸೆಳೆತವನ್ನೇ ತಡೆಯುವ ಯಂತ್ರ ಕಟ್ಟುತ್ತಿದ್ದರು. ಹಿಂದೂಪುರದ ಬೆಲ್ಲದ ಮಂಡಿ ಸಾಹುಕಾರರು ಅದಕ್ಕೆ ದುಡ್ಡು ಹಾಕಿದ್ದರು. ಮೂಟೆ ಗಾಳಿಯಲ್ಲಿ ತೇಲಿದರೆ ಎತ್ತೂ ಬೇಡ, ಗಾಡಿಯೂ ಬೇಡ! ಮೂರು ವರ್ಷ ಕಾದರೂ ಮೂಟೆ ನೆಲ ಬಿಡಲಿಲ್ಲ. ಮೋಸವಾಯಿತೆಂದು ಸಾಹುಕಾರರು ದಾವಾ ಹೂಡಿದರು. ಸೋತರೆ ರಿಪೇರಿಯವರ ಮನೆ ಹರಾಜಿಗೆ ಹೋಗುತ್ತಿತ್ತು. ಅವರಿಗಿದ್ದದ್ದು ಅದೊಂದೇ.

ವಿಚಾರಣೆಯ ದಿನ ಯಂತ್ರವನ್ನೇ ತರಿಸಿದರು. ಕೋರ್ಟಿನ ಜಗಲಿಯ ತೊಲೆಗೆ ಮಂಡಿಯ ತಕ್ಕಡಿ ಕಟ್ಟಿ, ಒಂದು ತಟ್ಟೆಯಲ್ಲಿ ಬೆಲ್ಲದ ಅಚ್ಚು, ಇನ್ನೊಂದರಲ್ಲಿ ಕಲ್ಲು ಇಟ್ಟು ಸಮ ಮಾಡಿದರು. ತಾಮ್ರದ ತಂತಿ ಸುತ್ತಿದ ಆ ಯಂತ್ರವನ್ನು ಬೆಲ್ಲದ ತಟ್ಟೆಯ ಕೆಳಗಿಟ್ಟು ರಿಪೇರಿಯವರು ಹಿಡಿ ತಿರುಗಿಸತೊಡಗಿದರು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಬೆಲ್ಲದ ತಟ್ಟೆ ಮಾತ್ರ ಒಂದು ಬೆರಳಷ್ಟು ಮೇಲೆದ್ದಿತು. ಜವಾನ ಕೈ ಮುಗಿದುಬಿಟ್ಟ. ಅದು ಹೇಗಾಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ.

ಬೆರಳಷ್ಟು ಏಳುವುದು ತೇಲಿದಂತಲ್ಲ ಎಂದು ಸಾಹುಕಾರರ ವಕೀಲರು ಪಟ್ಟು ಹಿಡಿದರು. ಆಗ ರಿಪೇರಿಯವರ ವಕೀಲರು ಕರಾರು ಪತ್ರ ಬಿಚ್ಚಿದರು. ಪತ್ರ ತೆಲುಗಿನಲ್ಲಿತ್ತು. ‘ಮೂಟ ತೇಲಿಕ ಅವುತುಂದಿ’ ಎಂದು ಬರೆದಿತ್ತು. ತೆಲುಗಿನಲ್ಲಿ ತೇಲಿಕ ಎಂದರೆ ಹಗುರ, ಅಷ್ಟೆ. ಹಗುರವಾದದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೆವು. ಸಾಹುಕಾರರ ಮುಖ ಇಳಿದುಹೋಯಿತು.

ಮುನ್ಸೀಫರು ರಿಪೇರಿಯವರತ್ತ ತಿರುಗಿ, ನೀವು ಒಪ್ಪಿದ್ದು ಹಗುರ ಮಾಡುತ್ತೇನೆ ಎಂದಷ್ಟೇ ಅಲ್ಲವೇ ಎಂದರು. ನಾನು ಅದನ್ನೇ ಕನ್ನಡದಲ್ಲಿ ಕೇಳಿದೆ. ಹೂಂ ಎಂದಿದ್ದರೆ ಮನೆ ಉಳಿಯುತ್ತಿತ್ತು. ಅನ್ನಲಿ ಎಂದು ನಾನೇ ಸಣ್ಣಗೆ ತಲೆಯಾಡಿಸಿ ತೋರಿಸಿದೆ. ಯಾರಾದರೂ ನೋಡಿದ್ದರೆ ನನ್ನ ಕೆಲಸಕ್ಕೆ ಕುತ್ತು ಬರುತ್ತಿತ್ತು.

“ಇಲ್ಲ ಸ್ವಾಮಿ,” ಎಂದರು ರಿಪೇರಿಯವರು. “ಪತ್ರ ಬರೆಯೋನು ಹಂಗೆ ಬರ್ದುಬುಟ್ಟ. ನಾನು ಹೇಳಿದ್ದು ತೇಲ್ತದೆ ಅಂತ.”

ತರ್ಜುಮೆ ಬೇಕಾಗಲಿಲ್ಲ. ತೇಲುವುದು ಎಂಬ ಮಾತು ಎರಡು ಭಾಷೆಯಲ್ಲೂ ಹೆಚ್ಚುಕಡಿಮೆ ಒಂದೇ. ಅವರ ವಕೀಲರು ತಲೆಯ ಮೇಲೆ ಕೈ ಹೊತ್ತು ಕೂತರು. ಗೇಣು ಜಮೀನಿಗಾಗಿ ದೇವರ ಮೇಲೆ ಆಣೆ ಇಟ್ಟು ಸುಳ್ಳು ಹೇಳುವವರನ್ನು ದಿನವೂ ನೋಡುತ್ತಿದ್ದ ನಾನು, ಈ ಮನುಷ್ಯನನ್ನು ಬೆರಗಾಗಿ ನೋಡುತ್ತ ನಿಂತೆ. ತಟ್ಟೆ ಎದ್ದದ್ದು ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ತೀರ್ಪು ಸಾಹುಕಾರರ ಕಡೆಗಾಯಿತು.

ಸಂಜೆ ಯಂತ್ರವನ್ನು ಕಲ್ಯಾಣದುರ್ಗದ ಬಸ್ಸಿಗೆ ಏರಿಸಬೇಕಿತ್ತು. ಭಾರ ಇಳಿಸುವ ಯಂತ್ರ ಎತ್ತಲು ನಾಲ್ಕು ಜನ ಬೇಕಾಯಿತು. ನಾನೊಂದು ಕೈ ಹಾಕಿದೆ. ಎದುರಿನ ಮೂಲೆಗೆ ಯಾರೋ ಹೆಗಲು ಕೊಟ್ಟರು. ನೋಡಿದರೆ ಗೆದ್ದ ಸಾಹುಕಾರರೇ. ಯಂತ್ರ ಮೇಲೇರಿದ ಮೇಲೆ ಅವರು ಬೆವರು ಒರೆಸಿಕೊಂಡು ರಿಪೇರಿಯವರ ಹತ್ತಿರಕ್ಕೆ ಬಂದರು.

“ಮನೆ ಮಾತು ಅತ್ಲಾಗಿರ್ಲಿ,” ಎಂದರು ಮೆಲ್ಲಗೆ. “ತೇಲೋಕೆ ಇನ್ನೆಷ್ಟು ದಿನ ಬೇಕು, ಹೇಳು ಕಣಪ್ಪ.”