ಕೆರೆ ಏರಿಯ ಮೌನಿಗಳು

ಐವತ್ತು ದಾಟಿದವನಿಗೆ ಹೊಸ ಸ್ನೇಹ ದಕ್ಕಬೇಕಾದರೆ ಪೂರ್ವಜನ್ಮದ ಪುಣ್ಯ ಬೇಕೆಂದು ಬಲ್ಲವರು ಹೇಳುತ್ತಾರೆ. ನಾನು ವಡೆ ತೆಗೆದುಕೊಂಡು ಹೋದೆ.

ದಿಂಡಿಗಲ್ಲಿನಿಂದ ತಮಿಳುನಾಡಿನ ಅಂಚಿನ, ಬೆಟ್ಟದ ಬುಡದ ಕೊಂಬೈಗೆ ಬಂದು ತಿಂಗಳುಗಳಾಗಿದ್ದರೂ ನನ್ನ ಮಾತು ಕೇಳಲು ಹೆಂಡತಿಯ ಹೊರತು ಯಾರೂ ಇರಲಿಲ್ಲ, ಅವಳಿಗೂ ಸಾಕಾಗಿತ್ತು. ಸಂಜೆ ಹೊತ್ತು ಕೆರೆ ಏರಿಯ ಮೇಲೆ ಕನ್ನಡ ಮಾತಾಡುವ ನಮ್ಮವರೇ ನಾಲ್ವರು ರೈತರು ಕೂರುತ್ತಾರೆ, ಹೋಗಿ ಸೇರಿಕೊಳ್ಳಿ ಎಂದು ಅವಳೇ ಅಟ್ಟಿದಳು.

ಅವರು ವಡೆ ತಿಂದರು, ಮಾತಾಡಲಿಲ್ಲ. ಮೌನವನ್ನು ತುಂಬುವುದು ನನ್ನ ಧರ್ಮವೆಂದು ಬಗೆದು ದ್ರಾಕ್ಷಿಯ ಧಾರಣೆಯನ್ನೂ ನನ್ನ ಮಂಡಿನೋವನ್ನೂ ಸವಿಸ್ತಾರವಾಗಿ ನಿರೂಪಿಸಿದೆ.

ಪಕ್ಕದಲ್ಲಿ ಕೂತಿದ್ದ ದ್ರಾಕ್ಷಿ ತೋಟದವನು ಕೈಯೆತ್ತಿದ. "ಸಾರ್, ನಿಮ್ ಮಂಡಿ ನಾಳೇನೂ ಇರ್ತದೆ. ಅಲ್ಲಿ ಮ್ಯಾಲೆ ನೋಡಿ."

ನೋಡಿದೆ. ಕೇರಳದ ಕಡೆಯ ಮೋಡ ಬೆಟ್ಟದ ನೆತ್ತಿಗೆ ಬಂದು ನಿಂತಿತ್ತು. ಒಮ್ಮೆಲೇ ಅದು ಬೆಟ್ಟದ ಉದ್ದಕ್ಕೂ ಜಲಪಾತದ ಹಾಗೆ ಇತ್ತ ಸುರಿಯಿತು; ಅರ್ಧ ಇಳಿಯುವಷ್ಟರಲ್ಲಿ ಕರಗಿಹೋಯಿತು. ಮತ್ತೆ ಸುರಿಯಿತು, ಮತ್ತೆ ಕರಗಿತು. ಸದ್ದೇ ಇಲ್ಲ. ತಣ್ಣನೆಯ ಗಾಳಿ ಮಾತ್ರ ನಮ್ಮ ಮುಖದವರೆಗೆ ಬಂತು. ಇಷ್ಟು ದೊಡ್ಡ ಸಂಗತಿ ನನ್ನ ಹಿತ್ತಲ ಗೋಡೆಯ ಆಚೆಗೇ ನಡೆಯುತ್ತಿತ್ತು, ನಾನು ಒಳಗೆ ಕೂತು ಟಿ.ವಿ. ನೋಡುತ್ತಿದ್ದೆ. ನನ್ನ ಬಾಯಿ ತೆರೆದೇ ಇತ್ತು. ಅದರಿಂದ ಏನೂ ಹೊರಡಲಿಲ್ಲ.

ಮಬ್ಬಾದಾಗ ತೋಟದವನು ಪಂಚೆ ಕೊಡವಿಕೊಂಡು ಎದ್ದ. "ಮಾಮಾ, ನಾಳೇನೂ ಬಾ. ವಡೆ ಇಲ್ದಿದ್ರೂ ಆಯ್ತು. ಮಂಡಿ ಕತೆ ಮಾತ್ರ ಮನೇಲೇ ಬಿಟ್ಟು ಬಾ."

ಮರುದಿನ ಏರಿಯ ಮೇಲೆ ನಾವು ಐವರು ಮೌನಿಗಳಿದ್ದೆವು.