ಟೋಪಿಯೊಳಗಿನ ಜೇಬು

ಯುದ್ಧಕ್ಕೆ ಹೋದ ತಮ್ಮ ಮರಳಲಿಲ್ಲ. ಅವನ ಉಣ್ಣೆಯ ಫೌಜಿ ಕೋಟು ಮರಳಿತು. ಹುಳ ತಿನ್ನುವುದಕ್ಕಿಂತ ಮನೆಯವರ ತಲೆ ಬೆಚ್ಚಗಿಡಲಿ ಎಂದಳು ಅವ್ವ. ನಾಲ್ಕು ಟೋಪಿ ಹೊಲಿಸಲು ಅದನ್ನು ಮಾನ್ವಿಯ ದರ್ಜಿ ಹುಸೇನಸಾಬರ ಬಳಿ ಒಯ್ದೆ. ಅವರು ಕತ್ತರಿ ಎತ್ತಿದಾಗ ನನ್ನ ಕೈ ತಾನಾಗಿ ಅಡ್ಡ ಹೋಯಿತು.

"ಹಂಗಾರ ಒಮ್ಮಿ ತೊಟ್ಕೊರ್ರಿ, ಮಾಸ್ತರ್ರ. ಹೋದವರ ಬಟ್ಟಿನ ಮನಿಯವರು ತೊಟ್ಟು ಬಿಚ್ಚಿಕೊಟ್ಟ ಮ್ಯಾಲೇ ನಾ ಕತ್ತರಸೂದು."

ತೊಟ್ಟೆ. ತೋಳು ಬೆರಳು ದಾಟಿತು, ಅಂಚು ಮೊಣಕಾಲು ಮುಟ್ಟಿತು. ಅವರು ಎದ್ದು ಸಲಾಮು ಹೊಡೆದರು.

"ನಿಮ್ಮನ್ನ ನೋಡಿದ್ರ ವೈರಿ ನಕ್ಕು ಬಂದೂಕ ಕೆಳಗಿಡತಿದ್ದ ನೋಡ್ರಿ!"

ತಮ್ಮ ಹೋದ ಮೇಲೆ ಮೊದಲ ಸಲ ಗಟ್ಟಿಯಾಗಿ ನಕ್ಕೆ. ನಗುತ್ತಲೇ ಬಿಚ್ಚಿಕೊಟ್ಟೆ.

ಟೋಪಿಗಳು ಬಂದಾಗ ನನ್ನದರೊಳಗೆ ಕೋಟಿನ ಜೇಬು ಹಾಗೇ ಇತ್ತು. "ಅಂಥಾ ಹೊಲಿಗಿ ಬಿಚ್ಚಾಕ ಮನಸಾಗಲಿಲ್ರೀ" ಎಂದರು ಹುಸೇನಸಾಬರು.

ಈಗ ಶಾಲೆಯಲ್ಲಿ ಸೀಮೆಸುಣ್ಣ ಅಲ್ಲೇ ಇಡುತ್ತೇನೆ, ಸಾಹೇಬರು ತಪಾಸಣೆಗೆ ಬರುವ ದಿನವೊಂದನ್ನು ಬಿಟ್ಟು; ಅವರೆದುರು ಸೀಮೆಸುಣ್ಣಕ್ಕಾಗಿ ಪದೇ ಪದೇ ಟೋಪಿ ತೆಗೆಯಲಾದೀತೆ?