ತಳ ಮುಟ್ಟದ ತೋಟಾ

ಬೆಳಗಿನ ಐದೂವರೆ. ಅಮೆರಿಕದ ಐಡಹೋದ ನಮ್ಮೂರು ಕಾಟರ್ ಕ್ರೀಕಿನಲ್ಲಿ ಕೋಳಿಗಿಂತ ಮೊದಲು ಏಳುವವರು ಇಬ್ಬರೇ, ಸೂರ್ಯ ಮತ್ತು ಅರ್ಡಿಸ್ ಲುಂಡೀನ್. ಅವರಲ್ಲೂ ಸೂರ್ಯ ಆಗಾಗ ತಡಮಾಡುತ್ತಾನೆ. ಎಪ್ಪತ್ತೊಂದು ವರ್ಷದ ಈಕೆ ತಗಡಿನ ಶೆಡ್ಡಿನಲ್ಲಿ ಕಾಫಿ ಪಕ್ಕಕ್ಕಿಟ್ಟು, ಬಿಚ್ಚಿದ ಪಿಸ್ತೂಲಿನ ನಳಿಗೆಯೊಳಗೆ ತಾವೇ ಕಟ್ಟಿದ ತೋಟಾ, ಅಂದರೆ ಕಾಡತೂಸು, ಒಂದನ್ನು ಬೀಳಿಸುತ್ತಾರೆ. ಅದು ಟಕ್ ಎಂದು ತಳ ಮುಟ್ಟಬೇಕು, ಬೆರಳಿಗೆ ಸಲೀಸಾಗಿ ತಿರುಗಬೇಕು. ಇಂದು ತಳಕ್ಕಿಂತ ಕೂದಲೆಳೆ ಮೇಲೆಯೇ ಕಚ್ಚಿಕೊಂಡು ಕೂರುತ್ತದೆ.

ಮರ ಕೊಯ್ಯುವ ಮಿಲ್ಲು ಮುಚ್ಚಿ, ಅದರ ಕ್ಯಾಂಟೀನಿನ ಕೆಲಸ ಹೋದಾಗ ಅರ್ಡಿಸ್ ಪರವಾನಗಿ ಪಡೆದು ಈ ಕಸುಬು ಹಿಡಿದರು. ದಿನಕ್ಕೆ ನಾನೂರು ತೋಟಾ, ಮೂವತ್ತು ವರ್ಷ. ಸಾಲಾಗಿ ಜೋಡಿಸಿದರೆ ಚಂದ್ರನಿಗೆ ಹೋಗಿ ಬರಬಹುದು, ದಾರಿಯಲ್ಲಿ ಊಟಕ್ಕೂ ನಿಲ್ಲಬಹುದು. ಹಿತ್ತಾಳೆ ಚಿಪ್ಪಿಗೆ ಮದ್ದು ತುಂಬುವುದು ನನ್ನಂಥ ಮಹಾಪಂಡಿತನಿಗೂ ಬರುತ್ತದೆ. ಗುಂಡನ್ನು ಎಷ್ಟು ಆಳಕ್ಕೆ ಕೂರಿಸಬೇಕು, ತೋಟಾದ ಒಟ್ಟು ಉದ್ದ ಎಷ್ಟಿರಬೇಕು ಎನ್ನುವುದು ಬರುವುದಿಲ್ಲ.

ಮೂವತ್ತು ವರ್ಷಗಳಲ್ಲಿ ಮೊದಲ ಸಲ ಅರ್ಡಿಸ್ ಅದರಲ್ಲಿ ಎಡವಿದ್ದಾರೆ. ಈ ಬಾರಿ ದುಂಡು ಮೂಗಿನ ಗುಂಡು ಸಿಗದೆ ಚಪ್ಪಟೆ ಮೂಗಿನದು ಬಂದಿತ್ತು. ತೂಕ ಒಂದೇ ಎಂದು ಹಳೆಯ ಉದ್ದಕ್ಕೇ ಕಟ್ಟಿಬಿಟ್ಟರು. ಚಪ್ಪಟೆ ಗುಂಡಿನ ಅಗಲವಾದ ಭುಜ ನಳಿಗೆಯೊಳಗಿನ ಸುರುಳಿ ಗೀರುಗಳಿಗೆ ತಾಗುತ್ತಿದೆ. ಹಾಗೆ ಕಟ್ಟಿದ್ದು ಇನ್ನೂರು. ಎಲ್ಲವೂ ಕ್ಷೌರಿಕ ಮರ್ಲ್ ಟಾಲಿವರನವು. ಕಣ್ಣಿಗೆ ಪೊರೆ ಬರುತ್ತಿರುವ ಮರ್ಲ್‌ಗೆ ನಾಡಿದ್ದು ಶನಿವಾರದ ಗುರಿ ಹೊಡೆಯುವ ಪಂದ್ಯವೇ ಕೊನೆಯದು.

ಆರಕ್ಕೆ ಬಂದ ಮರ್ಲ್ ವಿಷಯ ಕೇಳಿ ನಗುತ್ತಾನೆ. "ಕೂದಲೆಳೆಯಷ್ಟು ತಾನೇ, ಅಜ್ಜಿ. ಇನ್ನೊಂಚೂರು ಒತ್ತಿ ಕೊಟ್ಬಿಡು."

"ನನಗಿಂತ ಮೂರು ವರ್ಷ ದೊಡ್ಡೋನು, ಅಜ್ಜಿ ಅಂತಾನೆ," ಎಂದು ಅರ್ಡಿಸ್ ಬಾಗಿಲಲ್ಲಿ ನಿಂತ ನನ್ನತ್ತ ತಿರುಗುತ್ತಾರೆ. ಆಮೇಲೆ ಅವನಿಗೆ: "ಗುಂಡು ಕೆಳಗೆ ಒತ್ತಿದ್ರೆ ಮದ್ದಿಗೆ ಜಾಗ ಕಮ್ಮಿ. ಜಾಗ ಕಮ್ಮಿ ಆದ್ರೆ ಒತ್ತಡ ಏರಿ ಪಿಸ್ತೂಲು ಕೈಯಲ್ಲೇ ಸಿಡಿಯುತ್ತೆ. ಬೆರಳಿಲ್ಲದ ಕ್ಷೌರಿಕನ ಹತ್ರ ಯಾರಪ್ಪ ತಲೆ ಕೊಡ್ತಾರೆ?"

ಇನ್ನೂರನ್ನೂ ಬಿಚ್ಚುತ್ತಾರೆ. ಮದ್ದು ಕಮ್ಮಿ ಮಾಡಿ, ಗುಂಡು ಗಿಡ್ಡಗೆ ಕೂರಿಸಿ, ಮರ್ಲ್‌ನ ನಳಿಗೆಯಲ್ಲೇ ಬೀಳಿಸಿ ನೋಡಿ, ಹತ್ತು ಹಾರಿಸಿ ಪರೀಕ್ಷಿಸಿ, ಉಳಿದವನ್ನು ಒಂದೊಂದಾಗಿ ಕಟ್ಟುತ್ತಾರೆ. ಎರಡು ದಿನ. ಅಷ್ಟರಲ್ಲಿ ಅವರು ಕುಡಿದ ಕಾಫಿಗೆ ನಮ್ಮ ಹೊಳೆ ಒಂದಡಿ ಇಳಿಯಿತು. ನಾನೇ ಅಳೆದಿದ್ದೇನೆ.

ಶನಿವಾರ ಮರ್ಲ್ ನೂರೆಂಬತ್ತು ಸುತ್ತು ಹಾರಿಸುತ್ತಾನೆ. ಅರ್ಡಿಸ್ ಹಿಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿ, ಮಂಡಿಯ ಮೇಲೆ ಬೆರಳಲ್ಲಿ ಗುಂಡಿನ ಸದ್ದು ಎಣಿಸುತ್ತಾರೆ. ನಲವತ್ತು ಜನರಲ್ಲಿ ಅವನಿಗೆ ಹದಿನಾಲ್ಕನೇ ಸ್ಥಾನ. ಬೇಜಾರಾಯಿತೇ ಎಂದು ನಾನು ಕೆಣಕುತ್ತೇನೆ.

"ಹದಿನಾಲ್ಕು ಅವನ ಕಣ್ಣಿಂದು," ಎಂದು ಅರ್ಡಿಸ್ ಎದ್ದು ಲಂಗ ಕೊಡವಿಕೊಳ್ಳುತ್ತಾರೆ. "ನೂರೆಂಬತ್ತರಲ್ಲಿ ಒಂದೂ ಸಿಕ್ಕಿಹಾಕ್ಕೊಳ್ಳಲಿಲ್ವಲ್ಲ, ಅದು ನಂದು."